ಹಾಲಿನ ಲೆಕ್ಕದಿಂದ ಜಾವಾಸ್ಕ್ರಿಪ್ಟ್ ಕಲಿಯಿರಿ, ಮೊದಲ ಸಾಲು ಕನ್ನಡದಲ್ಲೇ

ವೆಬ್ ಪುಟದಲ್ಲಿ ಗುಂಡಿ ಇಡುವುದಕ್ಕೆ ಎಚ್‌ಟಿಎಂಎಲ್ ಸಾಕು, ಅದಕ್ಕೆ ಬಣ್ಣ ಕೊಡುವುದಕ್ಕೆ ಸಿಎಸ್‌ಎಸ್ ಸಾಕು. ಆದರೆ ಗುಂಡಿ ಒತ್ತಿದ ಕೂಡಲೇ ಲೆಕ್ಕ ಹಾಕಿ ತೋರಿಸಬೇಕು ಅಂದರೆ ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬೇಕು. ಹೆಸರು ಹತ್ತಿರವಿದ್ದರೂ ಜಾವಾ ಬೇರೆ, ಇದು ಬೇರೆ. 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಬ್ರೆಂಡನ್ ಐಕ್ ಇದರ ಮೊದಲ ರೂಪವನ್ನು ಹತ್ತೇ ದಿನದಲ್ಲಿ ಬರೆದರು. ಆಗಿನ ಕೆಲವು ವಿಚಿತ್ರ ಗುಣಗಳು ಈಗಲೂ ಹಾಗೇ ಇವೆ, ಯಾಕೆಂದರೆ ಅವನ್ನು ತೆಗೆದರೆ ಹಳೇ ಪುಟಗಳು ಕೆಟ್ಟುಹೋಗುತ್ತವೆ.

ಕಲಿಯಲು ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಕಂಪ್ಯೂಟರ್‌ನಲ್ಲಿ ಕ್ರೋಮ್ ತೆರೆದು, ಖಾಲಿ ಟ್ಯಾಬ್‌ನಲ್ಲಿ ಕಂಟ್ರೋಲ್, ಶಿಫ್ಟ್, ಜೆ ಮೂರನ್ನೂ ಒಟ್ಟಿಗೆ ಒತ್ತಿ (ಮ್ಯಾಕ್ ಆದರೆ ಕಮಾಂಡ್, ಆಪ್ಷನ್, ಜೆ). ತೆರೆದುಕೊಳ್ಳುವ ಜಾಗದ ಹೆಸರು ಕನ್ಸೋಲ್. ಅಲ್ಲಿ ಒಂದೊಂದೇ ಸಾಲು ಟೈಪ್ ಮಾಡಿ ಎಂಟರ್ ಒತ್ತುತ್ತಾ ಹೋಗಿ:

ದರ = 44
ಲೀಟರ್ = 30
ದರ * ಲೀಟರ್

1320 ಅಂತ ಉತ್ತರ ಬರುತ್ತದೆ. ಹೌದು, ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು! ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ, ಇಂಗ್ಲಿಷ್ ಬರದಿದ್ದರೆ ಶುರು ಮಾಡುವುದೇ ಬೇಡ ಅಂದುಕೊಂಡು ಕೂತಿರುತ್ತಾರೆ. ಹೆಸರಿನ ಮಧ್ಯೆ ಜಾಗ ಬಿಡುವ ಹಾಗಿಲ್ಲ, ಹಾಲಿನ_ದರ ಅಂತ ಬರೆಯಬೇಕು, ಅಷ್ಟೇ. ಅಂಕಿ ಮಾತ್ರ 30 ಅಂತಲೇ ಇರಲಿ. ೩೦ ಅಂತ ಹಾಕಿದರೆ ಕೆಂಪು ಅಕ್ಷರದಲ್ಲಿ ತಪ್ಪು ತೋರಿಸುತ್ತದೆ.

ಪ್ರತಿ ತಿಂಗಳೂ ಇದೇ ಲೆಕ್ಕ ಅಲ್ವಾ? ಹಾಗಾದರೆ ಅದನ್ನು ಒಂದು ಫಂಕ್ಷನ್ ಮಾಡಿ, ಅಂದರೆ ಲೆಕ್ಕಕ್ಕೇ ಒಂದು ಹೆಸರಿಟ್ಟು ಬೇಕಾದಾಗ ಕರೆಯಿರಿ:

ಬಿಲ್ = (ದರ, ಲೀಟರ್) => ದರ * ಲೀಟರ್
ಬಿಲ್(44, 31)

1364 ಬಂತು. ಇನ್ನು ದರ ಬದಲಾದರೆ ಆವರಣದೊಳಗಿನ ಅಂಕಿ ಬದಲಿಸಿದರೆ ಆಯಿತು.

ಈಗ ಎಲ್ಲರೂ ಎಡವುವ ಜಾಗಕ್ಕೆ ಬರೋಣ. ಹಾಲಿಗೆ 1320, ಮೊಸರಿಗೆ 60 ಅಂತ ಪುಟದ ಎರಡು ಪೆಟ್ಟಿಗೆಯಲ್ಲಿ ತುಂಬಿಸಿ ಕೂಡಿಸಿದರೆ ಪುಟ 132060 ಅಂತ ತೋರಿಸುತ್ತದೆ. ಕಾರಣ ಇಷ್ಟೇ, ಪೆಟ್ಟಿಗೆಯಲ್ಲಿ ತುಂಬಿದ್ದು ನಮಗೆ ಅಂಕಿಯಾಗಿ ಕಂಡರೂ ಪುಟಕ್ಕೆ ಅದು ಬರೀ ಅಕ್ಷರ, ಮತ್ತು ಅಕ್ಷರಗಳ ನಡುವೆ + ಹಾಕಿದರೆ ಜಾವಾಸ್ಕ್ರಿಪ್ಟ್ ಕೂಡಿಸುವುದಿಲ್ಲ, ಪಕ್ಕಪಕ್ಕ ಅಂಟಿಸುತ್ತದೆ. ಕನ್ಸೋಲ್‌ನಲ್ಲೇ ನೋಡಿ:

"1320" + "60"
"1320" * "60"

ಮೊದಲನೆಯದು ಅಂಟುತ್ತದೆ, ಎರಡನೆಯದು ಸರಿಯಾಗಿ ಗುಣಿಸಿ 79200 ಕೊಡುತ್ತದೆ. ಗುಣಿಸುವಾಗ ತಾನೇ ಅಂಕಿಯಾಗಿ ಬದಲಿಸಿಕೊಳ್ಳುತ್ತದೆ, ಹಾಗಾಗಿ ತಪ್ಪು ಎಷ್ಟೋ ದಿನ ಕಣ್ಣಿಗೇ ಬೀಳುವುದಿಲ್ಲ. ಪೆಟ್ಟಿಗೆಯಿಂದ ತೆಗೆದ ಪ್ರತಿಯೊಂದನ್ನೂ ನಂಬರ್ (Number) ಎಂಬ ಫಂಕ್ಷನ್‌ಗೆ ಕೊಟ್ಟು ಆಮೇಲೆ ಲೆಕ್ಕಕ್ಕೆ ತೆಗೆದುಕೊಳ್ಳಿ. ಇದೊಂದು ರೂಢಿ ಮೊದಲ ದಿನವೇ ಬರಲಿ.

ಇನ್ನೊಂದು ಸಾಲನ್ನೂ ನೋಡಲೇಬೇಕು, ಇದು ಪದವನ್ನು ಬಿಡಿ ಬಿಡಿಯಾಗಿ ಒಡೆದು ತೋರಿಸುತ್ತದೆ:

[..."ಕನ್ನಡ"]

ನಮ್ಮ ಕಣ್ಣಿಗೆ ಮೂರು ಅಕ್ಷರ, ಕಂಪ್ಯೂಟರ್ ಹೇಳುವುದು ಐದು. ಒತ್ತಕ್ಷರದ ಹಲಂತವನ್ನೂ (ನ್ ಅಕ್ಷರದ ಮೇಲಿನ ಚಿಹ್ನೆ) ಅದು ಬೇರೆಯಾಗಿ ಎಣಿಸುತ್ತದೆ. ಆದ್ದರಿಂದ ನಿಮ್ಮ ಪುಟದಲ್ಲಿ ಹೆಸರು ಇಷ್ಟೇ ಅಕ್ಷರ ಇರಬೇಕು ಅಂತ ಮಿತಿ ಹಾಕುವಾಗ ಜಾಸ್ತಿ ಜಾಗ ಬಿಡಿ, ಇಲ್ಲದಿದ್ದರೆ ಕನ್ನಡದಲ್ಲಿ ಬರೆದವರ ಹೆಸರು ಅರ್ಧಕ್ಕೇ ನಿಲ್ಲುತ್ತದೆ.

ಇದಿಷ್ಟು ಕೈಗೆ ಬಂದ ಮೇಲೆ ಪುಟಕ್ಕೆ ಹೋಗಿ. ನೋಟ್‌ಪ್ಯಾಡ್‌ನಲ್ಲಿ ಎರಡು ಇನ್‌ಪುಟ್, ಒಂದು ಬಟನ್, ಉತ್ತರಕ್ಕೆ ಒಂದು ಖಾಲಿ ಪ್ಯಾರಾ ಬರೆದು, ಪ್ರತಿಯೊಂದಕ್ಕೂ ಒಂದು ಐಡಿ (ಗುರುತಿನ ಹೆಸರು) ಕೊಡಿ. ಕೋಡ್ ಇರುವ ಸ್ಕ್ರಿಪ್ಟ್ (script) ಟ್ಯಾಗ್, ಬಾಡಿ (body) ಮುಗಿಯುವ ಸ್ವಲ್ಪ ಮುಂಚೆ ಬರಲಿ. ಮೇಲೆ ಹಾಕಿದರೆ ಗುಂಡಿ ಹುಟ್ಟುವ ಮೊದಲೇ ಕೋಡ್ ಅದನ್ನು ಹುಡುಕಿ, ಸಿಗದೆ ಅಲ್ಲೇ ನಿಂತುಬಿಡುತ್ತದೆ. ಒಳಗೆ ಇರುವುದು ಮೂರೇ ಕೆಲಸ. ಕ್ವೆರಿ ಸೆಲೆಕ್ಟರ್‌ನಿಂದ (querySelector) ಗುಂಡಿಯನ್ನು ಹುಡುಕುವುದು, ಆ್ಯಡ್ ಈವೆಂಟ್ ಲಿಸನರ್‌ನಿಂದ (addEventListener) ಕ್ಲಿಕ್ಕಿಗೆ ಕಾಯುವುದು, ಟೆಕ್ಸ್ಟ್ ಕಂಟೆಂಟ್‌ನಿಂದ (textContent) ಉತ್ತರ ಬರೆಯುವುದು. ಫೈಲಿನಲ್ಲಿ ಹೆಸರುಗಳ ಮುಂದೆ ಲೆಟ್ (let) ಅಥವಾ ಕಾನ್ಸ್ಟ್ (const) ಹಾಕಿ, ಬದಲಾಗುವುದಕ್ಕೆ ಲೆಟ್, ಬದಲಾಗದ್ದಕ್ಕೆ ಕಾನ್ಸ್ಟ್. ಉದ್ಧರಣ ಚಿಹ್ನೆ ನೇರವಾದದ್ದೇ ಇರಲಿ, ವರ್ಡ್‌ನಿಂದ ಕಾಪಿ ಮಾಡಿದ ಬಾಗಿದ ಚಿಹ್ನೆ ನಡೆಯುವುದಿಲ್ಲ.

ಒಂದು ಎಚ್ಚರಿಕೆ. ವಾಟ್ಸಾಪ್‌ನಲ್ಲಿ ಯಾರೋ ಕಳಿಸಿದ ಕೋಡನ್ನು, ಬ್ಯಾಂಕ್ ಅಥವಾ ಫೇಸ್‌ಬುಕ್ ಲಾಗಿನ್ ಆಗಿರುವ ಟ್ಯಾಬ್‌ನ ಕನ್ಸೋಲ್‌ಗೆ ತಂದು ಅಂಟಿಸಬೇಡಿ. ಅಲ್ಲಿ ನೀವು ಮಾಡಬಹುದಾದ್ದನ್ನೆಲ್ಲ ಆ ಕೋಡ್ ಕೂಡ ಮಾಡಬಲ್ಲದು.

ಫೈಲನ್ನು ಎಚ್‌ಟಿಎಂಎಲ್ (ಹೆಸರಿನ ಕೊನೆಗೆ .html) ಅಂತ ಸೇವ್ ಮಾಡಿ, ಎನ್‌ಕೋಡಿಂಗ್ ಯುಟಿಎಫ್-8 ಇರಲಿ, ಡಬಲ್ ಕ್ಲಿಕ್ ಮಾಡಿ ತೆರೆಯಿರಿ. ಗುಂಡಿ ಒತ್ತಿದರೂ ಏನೂ ಆಗಲಿಲ್ಲವೇ? ಮತ್ತೆ ಕನ್ಸೋಲ್ ತೆರೆಯಿರಿ. ಕೆಂಪು ಸಾಲಿನ ಬಲತುದಿಯಲ್ಲಿ ಫೈಲಿನ ಹೆಸರು, ಅದರ ಪಕ್ಕ ತಪ್ಪಾದ ಸಾಲಿನ ಸಂಖ್ಯೆ ಇರುತ್ತದೆ.