ಟ್ಯೂಬ್ ಬೇಸ್ ಆಂಪ್ ಇರುವವರಿಗೆ ಒಂದಿಷ್ಟು ಸಲಹೆ

ಮಡಿಕೇರಿ, ವಿರಾಜಪೇಟೆ ಕಡೆ ಟ್ಯೂಬ್ ಬೇಸ್ ಆಂಪ್ (ಗಾಜಿನ ನಿರ್ವಾತ ಟ್ಯೂಬ್‌ಗಳಿಂದ ನಡೆಯುವ, ಬೇಸ್ ಗಿಟಾರಿನ ಆಂಪ್ಲಿಫೈಯರ್) ಬಳಸುವವರು ಸ್ಪೀಕರ್ ಕ್ಯಾಬಿನೆಟ್ ಜೋಡಿಸದೆ ಅದನ್ನು ಎಂದೂ ನುಡಿಸಬಾರದು. ಸ್ಪೀಕರ್‌ನಂಥ ಹೊರೆಯಿಲ್ಲದೆ ಸಿಗ್ನಲ್ ಹರಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ ವೋಲ್ಟೇಜ್ ವಿಪರೀತ ಏರಿ ಅದು ಸುಟ್ಟುಹೋಗಬಹುದು. 8 ಓಮ್‌ನ ಎರಡು ಕ್ಯಾಬಿನೆಟ್‌ಗಳನ್ನು ಸಮಾಂತರವಾಗಿ ಸೇರಿಸಿದಾಗ ಹೊರೆ 4 ಓಮ್ ಆಗುವುದರಿಂದ, ಆಂಪ್‌ನ ಹಿಂಬದಿಯ ಓಮ್ ಸ್ವಿಚ್ಚನ್ನೂ 4ಕ್ಕೇ ಇಡಬೇಕು. ಗಿಟಾರ್ ಕೇಬಲ್ಲನ್ನು ಸ್ಪೀಕರ್‌ಗೆ ಹಾಕಬೇಡಿ; ಹೊರಗಿನಿಂದ ಒಂದೇ ತರಹ ಕಂಡರೂ ಅದರ ಒಳತಂತಿ ತೀರ ತೆಳು.

ಮದುವೆ ಮಂಟಪದಲ್ಲಿ ಕರೆಂಟು ಹೋಗಿ ಜನರೇಟರ್ ಶುರುವಾಗುವಾಗ ಆಂಪ್ ಆಫ್ ಆಗಿರಲಿ, ಮಲ್ಟಿಮೀಟರ್ 230 ವೋಲ್ಟ್ ಆಸುಪಾಸಿನಲ್ಲಿ ನಿಂತ ಮೇಲೆಯೇ ಆನ್ ಮಾಡಿ. ಅಮೆರಿಕದಿಂದ ತರಿಸಿದ 120 ವೋಲ್ಟಿನ ಆಂಪ್‌ಗೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಕೊಳ್ಳುವಾಗ ಸ್ಪೀಕರ್‌ಗೆ ಹೋಗುವ ಔಟ್‌ಪುಟ್ ವ್ಯಾಟನ್ನಲ್ಲ, ಆಂಪ್ ಎಳೆಯುವ ವಿದ್ಯುತ್ತನ್ನು ಲೆಕ್ಕ ಹಾಕಬೇಕು. ಅಂಗಡಿಯವರು ಇದನ್ನು ಹೇಳುವುದು ಅಪರೂಪ.

ಕಕ್ಕಡದ (ಕೊಡಗಿನ ಜೋರು ಮಳೆಯ ತಿಂಗಳು) ಥಂಡಿಯಲ್ಲಿ ಜೀಪಿನಿಂದ ಇಳಿಸಿದ ಆಂಪ್ ಜನ ತುಂಬಿದ ಹಾಲ್‌ನೊಳಗೆ ಬಂದೊಡನೆ ಬೆವರುತ್ತದೆ. ಟ್ಯೂಬ್‌ಗಳ ಗಾಜಿನ ಮೇಲಿನ ಮಂಜು ಆರುವ ತನಕ ಪ್ಲಗ್ ಹಾಕದೆ ಬಿಡಿ.

1969ರಲ್ಲಿ ಬಂದ 300 ವ್ಯಾಟಿನ ಆಂಪೆಗ್ ಎಸ್‌ವಿಟಿಯಂಥ ದೊಡ್ಡ ಟ್ಯೂಬ್ ಬೇಸ್ ಆಂಪ್ ಮನೆಗೆ ಹೇಳಿ ಮಾಡಿಸಿದ್ದಲ್ಲವೆಂದೇ ನನ್ನ ಅಭಿಪ್ರಾಯ. ಮನೆಯಲ್ಲಿ ಸದ್ದಿಲ್ಲದೆ ಅಭ್ಯಾಸ ಮಾಡಬೇಕಿದ್ದರೆ ಆಂಪ್‌ನ ವ್ಯಾಟ್ ಮತ್ತು ಓಮ್‌ಗೆ ಹೊಂದುವ ಲೋಡ್ ಬಾಕ್ಸ್ (ಸ್ಪೀಕರ್ ಬದಲು ಹೊರೆಯಾಗಿ ನಿಲ್ಲುವ ಪೆಟ್ಟಿಗೆ) ಬಳಸಿ. ಟ್ಯೂಬ್ ಕೆಟ್ಟಿತೆಂದು ಷಾಸಿ (ಆಂಪ್‌ನ ಒಳಗಿನ ಲೋಹದ ಚೌಕಟ್ಟು) ಬಿಚ್ಚಲು ಹೋಗಬೇಡಿ, ಪ್ಲಗ್ ತೆಗೆದ ಮೇಲೂ ವಿದ್ಯುತ್ ಹಿಡಿದಿಡುವ ಕೆಪಾಸಿಟರ್‌ಗಳಲ್ಲಿ ನೂರಾರು ವೋಲ್ಟ್ ಉಳಿದಿರಬಹುದು.