ಒಂದೂವರೆ ವರ್ಷ ಬರೆದವನ ಹಿಂದೆ ಬಿದ್ದದ್ದು

ಸ್ಟ್ಯಾನ್ಲಿ ವೈನ್‌ಬಾಮ್ ವೈಜ್ಞಾನಿಕ ಕಥೆಗಾರನಾಗಿ ಬದುಕಿದ್ದು ಒಂದೂವರೆ ವರ್ಷ ಅಷ್ಟೇ. ಅವನ ಮೊದಲ ವೈಜ್ಞಾನಿಕ ಕಥೆ, ಮಂಗಳ ಗ್ರಹದಲ್ಲಿ ನಡೆಯುವ ‘ಎ ಮಾರ್ಷಿಯನ್ ಒಡಿಸಿ’, ಅಮೆರಿಕದ ‘ವಂಡರ್ ಸ್ಟೋರೀಸ್’ ಪತ್ರಿಕೆಯ 1934ರ ಜುಲೈ ಸಂಚಿಕೆಯಲ್ಲಿ ಬಂತು. 1935ರ ಡಿಸೆಂಬರ್‌ನಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡ. ಆಗ ಅವನಿಗೆ 33 ವರ್ಷ. ಆ ಕಾಲದ ಪಲ್ಪ್ ಪತ್ರಿಕೆಗಳಿಗೆ, ಅಂದರೆ ಅಗ್ಗದ ಕಾಗದದ ಕಥಾ ಪತ್ರಿಕೆಗಳಿಗೆ, ಬರೆಯುತ್ತಿದ್ದ ಬೇರೆಯವರನ್ನು ಪೂರ್ತಿ ಓದಲು ಹೊರಟರೆ ಜೀವಮಾನ ಸಾಲದು. ಇವನನ್ನು ಓದಿ ಮುಗಿಸಬಹುದು ಅನ್ನಿಸಿತು. ಹುಡುಕಾಟಕ್ಕೆ ಇಳಿಯಲು ನನಗೆ ಅಷ್ಟು ಸಾಕಾಯಿತು.

ನಾನು ಮೊದಲು ಓದಿದ್ದೂ ಅದೇ ಮಂಗಳನ ಕಥೆ. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿ ಕೊಂಡ ಹಳೆಯ ಸಂಕಲನ, ‘ಸೈನ್ಸ್ ಫಿಕ್ಷನ್ ಹಾಲ್ ಆಫ್ ಫೇಮ್’. ಅಮೆರಿಕದ ವೈಜ್ಞಾನಿಕ ಕಥೆಗಾರರ ಸಂಘದವರು ತಾವೇ ಮತ ಹಾಕಿ ಆರಿಸಿದ ಕಥೆಗಳು ಅದರಲ್ಲಿವೆ. 1970ರಲ್ಲಿ ಬಂದ ಪುಸ್ತಕ. ಮತದಲ್ಲಿ ಅಸಿಮೋವ್‌ನ ‘ನೈಟ್‌ಫಾಲ್’ ಮೊದಲು ಬಂತು, ವೈನ್‌ಬಾಮ್‌ನದ್ದು ಎರಡನೆಯದು. ಬರೆಯುವವರೇ ಇಷ್ಟು ಮೇಲಿಟ್ಟ ಈ ಮನುಷ್ಯ ಯಾರು ಅನ್ನೋ ಕುತೂಹಲ ಹುಟ್ಟದೇ ಇರುತ್ತಾ?

ಕಥೆ ಇಷ್ಟೇ. ಮಂಗಳಕ್ಕೆ ಹೋದ ನಾಲ್ವರಲ್ಲಿ ಒಬ್ಬ, ಜಾರ್ವಿಸ್ ಅನ್ನೋ ರಸಾಯನಶಾಸ್ತ್ರಜ್ಞ, ತನ್ನ ಪುಟ್ಟ ರಾಕೆಟ್ ಕೆಟ್ಟು ಬಿದ್ದು ನಡೆದುಕೊಂಡು ವಾಪಸ್ ಬರುತ್ತಾನೆ. ದಾರಿಯಲ್ಲಿ ಅವನ ಜೊತೆಯಾಗುವುದು ಟ್ವೀಲ್, ಆಸ್ಟ್ರಿಚ್ ಥರದ ಜೀವಿ. ಜಾರ್ವಿಸ್ ಮರಳ ಮೇಲೆ ಸೂರ್ಯ ಮತ್ತು ಗ್ರಹಗಳ ಚಿತ್ರ ಬರೆದರೆ, ಟ್ವೀಲ್ ಮಂಗಳದ ಪಕ್ಕ ಎರಡು ಚಂದ್ರರನ್ನೂ ಭೂಮಿಯ ಪಕ್ಕ ಒಂದನ್ನೂ ಸೇರಿಸುತ್ತದೆ. ಅಂದರೆ ಅದರ ಜನರ ಹತ್ತಿರ ದೂರದರ್ಶಕ ಇದೆ! ಆದರೆ ಟ್ವೀಲ್‌ನ ಮಾತು ಜಾರ್ವಿಸ್‌ಗೆ ಕೊನೆವರೆಗೂ ಹತ್ತುವುದಿಲ್ಲ. ಜಾರ್ವಿಸ್‌ನ ಒಂದಷ್ಟು ಪದಗಳನ್ನು ಕಲಿತು, ಟ್ವೀಲ್ ಅವುಗಳಲ್ಲೇ ಕೆಲಸ ಸಾಗಿಸುತ್ತದೆ. ಇಬ್ಬರಲ್ಲಿ ಯಾರು ಜಾಣರು ಅಂತ ನೀವೇ ಯೋಚಿಸಿ.

ಅದೇ ಕಥೆಯಲ್ಲಿ ಸಿಲಿಕಾನ್‌ನಿಂದ ಆದ ಇನ್ನೊಂದು ಪ್ರಾಣಿ ಇದೆ. ಹತ್ತು ನಿಮಿಷಕ್ಕೊಂದು ಇಟ್ಟಿಗೆಯನ್ನು ಹೊರಹಾಕುತ್ತದೆ. ಅದು ಅದರ ಮಲ. ನಾವು ಉಸಿರಾಡಿ ಬಿಡುವುದು ಅನಿಲ, ಅದಕ್ಕೋ ಮರಳಿನ ಗಟ್ಟಿ. ಆ ಇಟ್ಟಿಗೆಗಳನ್ನೇ ಸುತ್ತ ಜೋಡಿಸಿ ಪಿರಮಿಡ್ ಕಟ್ಟುತ್ತಾ, ತುಂಬಿದಾಗ ಒಡೆದು ಆಚೆ ಬಂದು, ಪಕ್ಕದಲ್ಲಿ ಇನ್ನೊಂದು ಶುರುಮಾಡುತ್ತದೆ. ಐದು ಲಕ್ಷ ವರ್ಷಗಳಿಂದ ಅದಕ್ಕೆ ಇದೇ ಕೆಲಸ. ಯಾಕೆ ಅಂತ ಕೇಳಿದರೆ ಉತ್ತರವಿಲ್ಲ. ವೈನ್‌ಬಾಮ್ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಓದಿದವನು, ಪದವಿ ಮುಗಿಸಲಿಲ್ಲ. ಆ ಓದು ಇಂಥ ಕಡೆ ಕಾಣುತ್ತದೆ.

ಹುಡುಕಾಟಕ್ಕೆ ನನಗೆ ದೊಡ್ಡ ಆಸರೆ ಐಎಸ್‌ಎಫ್‌ಡಿಬಿ (ಇಂಟರ್ನೆಟ್ ಸ್ಪೆಕ್ಯುಲೇಟಿವ್ ಫಿಕ್ಷನ್ ಡೇಟಾಬೇಸ್) ಅನ್ನೋ ಉಚಿತ ತಾಣ. ಲೇಖಕನ ಹೆಸರು ಹಾಕಿದರೆ ಪ್ರತಿ ಕಥೆ ಮೊದಲು ಯಾವ ಪತ್ರಿಕೆಯ ಯಾವ ತಿಂಗಳಲ್ಲಿ ಬಂತು, ಆಮೇಲೆ ಯಾವ ಯಾವ ಪುಸ್ತಕ ಸೇರಿತು, ಎಲ್ಲ ಸಿಗುತ್ತದೆ. ಗುಪ್ತನಾಮಗಳೂ ಅಲ್ಲೇ ಇರುತ್ತವೆ. ಅದನ್ನು ನೋಡಿ ಪ್ರಕಟವಾದ ಕ್ರಮದಲ್ಲಿ ಒಂದು ಪಟ್ಟಿ ಬರೆದುಕೊಂಡೆ. ಪುಸ್ತಕ ಸಿಕ್ಕ ಕ್ರಮದಲ್ಲಿ ಓದಬಾರದು ಅಂತ ಮೊದಲೇ ತೀರ್ಮಾನ ಮಾಡಿದ್ದೆ.

ಓದಿದ್ದು ಜಾಸ್ತಿ ಸ್ಕ್ಯಾನ್‌ಗಳಲ್ಲೇ. ಪಲ್ಪ್ ಪತ್ರಿಕೆಗಳ ಕಾಗದ ಅಗ್ಗದ ಮರದ ತಿರುಳಿನದ್ದು. ವರ್ಷ ಕಳೆದಂತೆ ಕಂದಾಗಿ ಹಪ್ಪಳದ ಥರ ಮುರಿಯುತ್ತದೆ. ಅಮೆರಿಕದಿಂದ ಹಡಗೋ ವಿಮಾನವೋ ಹತ್ತಿಸಿ ತರಿಸುವ ಹುಚ್ಚು ನನಗಿಲ್ಲ. ಇಂಟರ್ನೆಟ್ ಆರ್ಕೈವ್‌ನಲ್ಲಿ ಹಳೆಯ ಸಂಚಿಕೆಗಳು ಮುಖಪುಟದಿಂದ ಜಾಹೀರಾತಿನವರೆಗೆ ಸಿಗುತ್ತವೆ. ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಒಂದಷ್ಟು ಕಥೆಗಳ ಅಕ್ಷರ ರೂಪವೇ ಇದೆ, ಫೋನಿನಲ್ಲಿ ಓದಲು ಆರಾಮ. ನಮ್ಮ ದೇಶದಲ್ಲಿ ಹಕ್ಕಿನ ತಲೆನೋವೂ ಇಲ್ಲ. ಇಲ್ಲಿ ಕೃತಿಸ್ವಾಮ್ಯ ಲೇಖಕ ಸತ್ತು 60 ವರ್ಷದವರೆಗೆ. ಇವನು ಹೋಗಿದ್ದು 1935ರಲ್ಲಿ, ಲೆಕ್ಕ ಹಾಕಿಕೊಳ್ಳಿ. ಅಮೆರಿಕದ ನಿಯಮ ಬೇರೆ. ಅಲ್ಲಿ ಆಗಿನ ಕೃತಿಗಳಿಗೆ 28ನೇ ವರ್ಷದಲ್ಲಿ ನೋಂದಣಿ ನವೀಕರಿಸಬೇಕಿತ್ತು, ಇಲ್ಲದಿದ್ದರೆ ಹಕ್ಕು ಮುಗಿಯುತ್ತಿತ್ತು. ಕೆಲವು ಕಥೆಗಳು ಅಲ್ಲಿನ ತಾಣಗಳಲ್ಲಿ ಸಿಕ್ಕು ಕೆಲವು ಸಿಗದೇ ಇದ್ದರೆ ಇಂಥ ಕಾರಣಗಳು ಇರುತ್ತವೆ.

ಕಥೆಯೊಂದನ್ನೇ ಅಲ್ಲ, ಅದು ಬಂದ ಇಡೀ ಸಂಚಿಕೆ ಓದಬೇಕು ಅಂತ ನಾನು ಹೇಳುತ್ತೇನೆ. ಅದಕ್ಕೆ ಕಾರಣ ಇದೆ. ಸಂಕಲನದಲ್ಲಿ ಟ್ವೀಲ್ ಚೆನ್ನಾಗಿದೆ ಅನ್ನಿಸುತ್ತದೆ, ಅಷ್ಟೇ. ಅದರ ನಂತರ ಬಂದ ಒಳ್ಳೆಯ ಪರಗ್ರಹ ಜೀವಿಗಳನ್ನೆಲ್ಲ ನಾವು ನೋಡಿಬಿಟ್ಟಿದ್ದೇವಲ್ಲ. ಆದರೆ ಆ ಕಾಲದ ಪತ್ರಿಕೆಗಳನ್ನು ಸುಮ್ನೆ ತಿರುವಿ ಹಾಕಿ. ಪರಗ್ರಹದವರು ಅಂದರೆ ಒಂದೋ ರಾಕ್ಷಸರು, ಇಲ್ಲವೇ ವೇಷ ಹಾಕಿದ ಮನುಷ್ಯರು. ಅವುಗಳ ನಡುವೆ ಟ್ವೀಲ್ ಬಂದಾಗ ಕಣ್ಣು ಅರಳುತ್ತದೆ. ವಂಡರ್ ಸ್ಟೋರೀಸ್‌ನ ಒಡೆಯ ಹ್ಯೂಗೊ ಗರ್ನ್ಸ್‌ಬ್ಯಾಕ್, ಸಂಪಾದಕ ಚಾರ್ಲ್ಸ್ ಹಾರ್ನಿಗ್. ಹಾರ್ನಿಗ್ ಆ ಕುರ್ಚಿಯಲ್ಲಿ ಕೂತಾಗ ವಯಸ್ಸು 17! ಆ ಹುಡುಗನ ರುಚಿಗೆ ಒಂದು ಸಲಾಮು ಹೊಡೆಯಬೇಕು. ಓದುಗರ ಪತ್ರಗಳ ಅಂಕಣವನ್ನೂ ಬಿಡಬೇಡಿ. ಒಂದು ಕಥೆ ಬಿಸಿಯಾಗಿದ್ದಾಗ ಓದಿದವರು ಏನಂದರು ಅಂತ ತಿಳಿಯುವ ಜಾಗ ಅದೊಂದೇ.

ಸಂಚಿಕೆ ಓದುವುದರ ಲಾಭ 1935ರ ನವೆಂಬರ್‌ನ ‘ಅಸ್ಟೌಂಡಿಂಗ್’ ಪತ್ರಿಕೆಯಲ್ಲಿ ಚೆನ್ನಾಗಿ ಕಾಣುತ್ತದೆ. ಅದರಲ್ಲಿ ವೈನ್‌ಬಾಮ್‌ನ ‘ದ ರೆಡ್ ಪೆರಿ’ ಇದೆ, ಪ್ಲೂಟೊದಲ್ಲಿ ನೆಲೆ ಮಾಡಿಕೊಂಡ ಬಾಹ್ಯಾಕಾಶ ಕಡಲ್ಗಳ್ಳಿಯ ಕಥೆ. ಅದೇ ಸಂಚಿಕೆಯಲ್ಲಿ ಜಾನ್ ಜೆಸೆಲ್ ಅನ್ನುವವರ ‘ದಿ ಅಡಾಪ್ಟಿವ್ ಅಲ್ಟಿಮೇಟ್’ ಕೂಡ ಇದೆ. ಸಾಯುತ್ತಿದ್ದ ಕ್ಷಯರೋಗಿ ಹೆಂಗಸಿಗೆ ಹಣ್ಣುನೊಣದಿಂದ ತೆಗೆದ ಮದ್ದು ಚುಚ್ಚುತ್ತಾರೆ. ಅವಳು ಯಾವ ಪರಿಸ್ಥಿತಿಗೂ ಒಗ್ಗಿಕೊಳ್ಳುವ, ಯಾವುದಕ್ಕೂ ಹೆದರದ ಅಪಾಯವಾಗಿಬಿಡುತ್ತಾಳೆ. ಜೆಸೆಲ್ ಅಂದರೂ ವೈನ್‌ಬಾಮೇ. ಹೆಸರು ನೋಡಿ ಹುಡುಕುವವರ ಕೈಗೆ ಈ ಕಥೆ ಸಿಗುವುದಿಲ್ಲ, ಅಲ್ವಾ? ನನ್ನ ಮಟ್ಟಿಗೆ ಆ ಎರಡರಲ್ಲಿ ಗುಪ್ತನಾಮದ್ದೇ ಗಟ್ಟಿ.

ಸತ್ತ ಮೇಲೆ ಬಂದ ಬರಹಗಳಲ್ಲಿ ಎಚ್ಚರ ಬೇಕು. ಕೆಲವನ್ನು ಬೇರೆಯವರು ಪೂರ್ತಿ ಮಾಡಿದ್ದಾರೆ. ‘ಟೈಡಲ್ ಮೂನ್’ನಲ್ಲಿ ತಂಗಿ ಹೆಲೆನ್‌ಳ ಕೈ ಇದೆ. ‘ದ ಬ್ಲ್ಯಾಕ್ ಫ್ಲೇಮ್’ ಕಾದಂಬರಿ 1939ರ ಜನವರಿಯಲ್ಲಿ ‘ಸ್ಟಾರ್ಟ್ಲಿಂಗ್ ಸ್ಟೋರೀಸ್’ನ ಮೊದಲ ಸಂಚಿಕೆಗೆ ಬಂದಾಗ ಸಾಕಷ್ಟು ಕತ್ತರಿ ಬಿದ್ದಿತ್ತು. ಮೂಲ ಪಾಠವನ್ನು ಮತ್ತೆ ಸೇರಿಸಿದ ಪುಸ್ತಕ ಬಂದಿದ್ದು 1990ರ ದಶಕದಲ್ಲಿ. ಹಳೆಯ ಪುಸ್ತಕ ಕೊಳ್ಳುವವರು ಯಾವ ಆವೃತ್ತಿ ಅಂತ ನೋಡಿ ದುಡ್ಡು ಕೊಡಿ. ಅಮೆರಿಕದ ಮಿಲ್ವಾಕಿ ನಗರದ ಅವನ ಲೇಖಕ ಗೆಳೆಯರು 1936ರಲ್ಲಿ ನೆನಪಿಗಾಗಿ ತಂದ ‘ಡಾನ್ ಆಫ್ ಫ್ಲೇಮ್’ ಅಚ್ಚಾಗಿದ್ದೇ 250 ಪ್ರತಿ. ಅದು ಸಂಗ್ರಾಹಕರ ಪಾಲಿಗಿರಲಿ.

ಎಲ್ಲವೂ ಚಿನ್ನವಲ್ಲ. ಮಂಗಳನ ಕಥೆಯ ಮುಂದಿನ ಭಾಗ ‘ವ್ಯಾಲಿ ಆಫ್ ಡ್ರೀಮ್ಸ್’ ನನಗೆ ಸಪ್ಪೆ ಎನಿಸಿತು. ಟ್ವೀಲ್‌ನ ಜನ ಹಿಂದೊಮ್ಮೆ ಭೂಮಿಗೆ ಬಂದಿದ್ದರು, ಈಜಿಪ್ಟಿನ ಕೊಕ್ಕಿನ ದೇವರು ಥಾತ್ ಅವರೇ ಅಂತ ಬಿಡಿಸಿ ಹೇಳುತ್ತದೆ. ಮೊದಲ ಕಥೆಯ ಸುಖವೇ ಬಿಡಿಸದೆ ಬಿಟ್ಟಿದ್ದರಲ್ಲಿ ಇತ್ತು. ಜರ್ಮನ್, ಫ್ರೆಂಚ್ ಪಾತ್ರಗಳ ಮುರುಕು ಇಂಗ್ಲಿಷ್ ಈಗ ಕಿರಿಕಿರಿ. ವಿಜ್ಞಾನ ಹಳೆಯದಾಗಿರುವುದು ಮಾತ್ರ ನನಗೆ ಅಡ್ಡಿಯಾಗಲಿಲ್ಲ. ಮಂಗಳದಲ್ಲಿ ಉಸಿರಾಡುತ್ತಾರೆ, ಶುಕ್ರದ ಒಂದು ಮಗ್ಗುಲು ಸದಾ ಹಗಲು, ಇನ್ನೊಂದು ಸದಾ ರಾತ್ರಿ. ಆಗ ಹಾಗೆ ನಂಬಲು ಕಾರಣಗಳಿದ್ದವು. ಆಟದ ನಿಯಮ ಅಂತ ಒಪ್ಪಿಕೊಂಡರೆ ಆಯಿತು.

ಆ ಕತ್ತಲ ಮಗ್ಗುಲಿನಲ್ಲೇ ನಡೆಯುತ್ತದೆ 1935ರ ಏಪ್ರಿಲ್‌ನ ‘ದ ಲೋಟಸ್ ಈಟರ್ಸ್’. ನನ್ನನ್ನು ಕೇಳಿದರೆ ಅವನ ಅತಿ ಒಳ್ಳೆಯ ಕಥೆ ಇದೇ. ಹ್ಯಾಮ್ ಮತ್ತು ಪ್ಯಾಟ್ ಅನ್ನೋ ಗಂಡ ಹೆಂಡಿರಿಗೆ ಯೋಚಿಸುವ ಗಿಡವೊಂದು ಸಿಗುತ್ತದೆ. ಆಸ್ಕರ್ ಅಂತ ಹೆಸರಿಡುತ್ತಾರೆ. ಕೇಳಿದ ಕೆಲವೇ ಪದಗಳಿಂದ ಅದು ಇಂಗ್ಲಿಷ್ ಕಲಿತು, ಬ್ರಹ್ಮಾಂಡದ ಬಗ್ಗೆ ಕೇಳಿದ್ದಕ್ಕೆಲ್ಲ ಉತ್ತರಿಸುತ್ತದೆ. ಆದರೆ ಅದು ಗಿಡ. ಬೇಟೆ ಆಡಬೇಕಿಲ್ಲ, ಓಡಬೇಕಿಲ್ಲ, ಹಾಗಾಗಿ ಆಸೆಯೂ ಇಲ್ಲ. ತನ್ನ ಜಾತಿಯನ್ನೇ ಪ್ರಾಣಿಗಳು ತಿಂದು ಮುಗಿಸುತ್ತಿವೆ ಅಂತ ಅದಕ್ಕೆ ಚೆನ್ನಾಗಿ ಗೊತ್ತು, ತಡೆಯಬೇಕು ಅಂತ ಅನ್ನಿಸುವುದೇ ಇಲ್ಲ. ಪ್ಯಾಟ್ ಎಷ್ಟು ಕೇಳಿದರೂ ಅದರ ಉತ್ತರ ಶಾಂತವಾಗಿಯೇ ಬರುತ್ತದೆ. ಬುದ್ಧಿಗೂ ಬದುಕುವ ಹಟಕ್ಕೂ ಸಂಬಂಧ ಇರಲೇಬೇಕಾ ಅಂತ 1935ರಲ್ಲಿ ಒಂದು ಅಗ್ಗದ ಪತ್ರಿಕೆಯಲ್ಲಿ ಕೇಳಿದ್ದಾನೆ ಈ ಮನುಷ್ಯ.

ಹೊಸದಾಗಿ ಶುರುಮಾಡುವವರು ಮಂಗಳನ ಕಥೆ, ಆಮೇಲೆ ಇದು, ಆಮೇಲೆ ‘ಪಿಗ್ಮೇಲಿಯನ್ಸ್ ಸ್ಪೆಕ್ಟಕಲ್ಸ್’ ಓದಿ. ಮೂರನೆಯದರಲ್ಲಿ ಕನ್ನಡಕ ಹಾಕಿದರೆ ನೋಟ, ಸದ್ದು, ವಾಸನೆ, ರುಚಿ, ಸ್ಪರ್ಶ ಎಲ್ಲ ಇರುವ ಸಿನಿಮಾದ ಒಳಗೇ ಹೋಗುತ್ತೀರಿ. ನಗಬೇಕು ಅನ್ನಿಸಿದರೆ ‘ದ ವರ್ಲ್ಡ್ಸ್ ಆಫ್ ಇಫ್’. ಎಲ್ಲದಕ್ಕೂ ತಡವಾಗಿ ಬರುವ ಡಿಕ್ಸನ್ ವೆಲ್ಸ್, ತಾನು ತಪ್ಪಿಸಿಕೊಂಡ ರಾಕೆಟ್ ಹತ್ತಿದ್ದರೆ ಏನಾಗುತ್ತಿತ್ತು ಅಂತ ಒಂದು ಯಂತ್ರದಲ್ಲಿ ನೋಡುತ್ತಾನೆ. ಆ ಯಂತ್ರ ಮಾಡಿದ ಪ್ರೊಫೆಸರ್ ಮ್ಯಾಂಡರ್‌ಪೂಟ್ಸ್‌ನ ಜಂಭ ಇಷ್ಟವಾದರೆ ಅವನ ಕಥೆಗಳು ಇನ್ನೂ ಎರಡು ಇವೆ.