ಗಾಲಿ ಬಿಚ್ಚೋದು ಸುಲಭ, ಜೋಡಿ ಹೊಂದ್ಸೋದೇ ಕಷ್ಟ

ನಾನು ಬಳ್ಳಾರಿಯವನು, ರೈಲಿನ ಪ್ಯಾಸೆಂಜರ್ ಬೋಗಿ ಮೆಂಟೇನೆನ್ಸ್‌ನಲ್ಲಿ ಫಿಟ್ಟರ್. ಗಾಲಿ ಕೆಟ್ರೆ ಹೊಸದು ಹಾಕಿದ್ರಾಯ್ತಲ್ರೀ ಅಂತ ಊರಾಗೆ ಎಲ್ಲಾರೂ ಅಂತಾರೆ, ಹಂಗಲ್ಲ ಅದು.

ಹೊಸ ಗಾಲಿ 915 ಎಂಎಂ ವ್ಯಾಸ ಇರ್ತೈತೆ, ಓಡಿ ಸವೆದು, ಲೇಥಿಗೆ (ಕಡೆಯೋ ಮಷೀನಿಗೆ) ಹೋಗಿ ಬಂದು ಸಣ್ಣದಾಗ್ತಾ ಹೋಗ್ತೈತೆ, ಎಲ್‌ಎಚ್‌ಬಿ ಅನ್ನೋ ಹೊಸ ಮಾದರಿ ಬೋಗಿದು 845ಕ್ಕೆ ಇಳೀತಂದ್ರೆ ಸ್ಕ್ರ್ಯಾಪ್. ಐಸಿಎಫ್ ಅನ್ನೋ ಹಳೇ ಮಾದರಿ ಬೋಗಿಗೆ ಲೇಥಿಂದ ಬಂದ ಮೇಲೆ ಒಂದೇ ಆಕ್ಸಲ್ಲಿನ ಎರಡು ಗಾಲಿ ನಡುವೆ ಅರ್ಧ ಎಂಎಂ ದಾಟಂಗಿಲ್ಲ, ಎರಡು ಆಕ್ಸಲ್ ಇರೋ ಒಂದು ಟ್ರಾಲಿಯಲ್ಲಿ 5, ಇಡೀ ಬೋಗಿಗೆ 13. ಹಿಂಗಾಗಿ ಪಕ್ಕದ ಗಾಲಿ 880 ಇದ್ರೆ ಹೊಸ 915 ತಂದು ಕೂರ್ಸಂಗಿಲ್ಲ, ಅದಕ್ಕೆ ಹತ್ರ ಇರೋ ಜೋಡಿನೇ ಯಾರ್ಡ್‌ನಾಗೆ ಹುಡುಕ್ಬೇಕು, ಸಿಗ್ಲಿಲ್ಲಂದ್ರೆ ದೊಡ್ಡದನ್ನ ಲೇಥಿಗೆ ಹಾಕಿ ಇಳಿಸ್ಬೇಕು, ಒಳ್ಳೆ ಕಬ್ಬಿಣ ಚೂರಾಗಿ ಬೀಳೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ ಆದ್ರೂ ಬೇರೆ ದಾರಿ ಇಲ್ಲ. ಯಾಕಂದ್ರೆ ಎರಡೂ ಗಾಲಿ ಆಕ್ಸಲ್‌ಗೆ ಬಿಗಿಯಾಗಿ ಕೂತಿರ್ತಾವೆ, ಒಂದು ದೊಡ್ಡದಾದ್ರೆ ಆ ಕಡೆ ಹೆಚ್ಚು ದೂರ ಉರುಳಿ ಆಕ್ಸಲ್ ವಾರೆ ಆಗ್ತೈತೆ, ಫ್ಲ್ಯಾಂಜು (ಗಾಲಿಯ ಒಳಬದಿಗೆ ಎದ್ದಿರೋ ಅಂಚು) ಹಳಿಗೆ ಉಜ್ಜಿ ಉಜ್ಜಿ ತೆಳ್ಳಗಾಗ್ತೈತೆ.

ಸವೆತ ಅಳೆಯೋ ಗೇಜ್ ಹಿಡಿಯೋಕೆ ಮುಂಚೆ ನಾನು ಮಾಡೋ ಕೆಲಸ ಅಂದ್ರೆ ಒರೆಸೋದು. ಸಂಡೂರು ಕಡೆ ಅದಿರಿನ ಕೆಂಪು ಧೂಳು, ಗ್ರೀಸು ಸೇರಿ ಫ್ಲ್ಯಾಂಜಿನ ಬುಡದಾಗೆ ಮೆತ್ಕೊಂಡಿರ್ತೈತೆ, ಅದರ ಮೇಲೇ ಗೇಜ್ ಇಟ್ರೆ ಸವೆದಿರೋ ಬುಡನೂ ಸರಿ ಇದ್ದಂಗೆ ಕಾಣ್ತೈತೆ. ಕಾಟನ್ ವೇಸ್ಟ್‌ನಿಂದ ಒರೆಸಿ, ಟಾರ್ಚ್ ಅಡ್ಡ ಹಿಡಿದು ನೋಡ್ಬೇಕು, ಬುಡದ ತ್ರಿಜ್ಯ 13 ಎಂಎಂಗಿಂತ ಕಮ್ಮಿ ಆದ್ರೆ ರಿಜೆಕ್ಟ್. ಫ್ಲ್ಯಾಂಜಿನ ತುದಿ ಚೂಪಾಗಿ 5ಕ್ಕಿಂತ ಕಮ್ಮಿ ತ್ರಿಜ್ಯ ಆದ್ರೂ ಅಷ್ಟೇ, ಹಳಿ ಕವಲೊಡೆಯೋ ಪಾಯಿಂಟ್ ಹತ್ರ ಗಾಲಿ ಹಳಿ ಮೇಲೆ ಹತ್ತಿಬಿಡೋ ಭಯ. ಗಾಲಿ ಉರುಳೋ ಮೈ ಚಪ್ಪಟೆ ಆಗಿರೋದು 50 ಎಂಎಂ ದಾಟಿದ್ರೂ ಬಿಡಲ್ಲ, ಅದಂತೂ ಗಾಡಿ ಪ್ಲಾಟ್‌ಫಾರ್ಮಿಗೆ ಬರೋವಾಗ್ಲೇ ಟಕ್ ಟಕ್ ಅಂತ ಸದ್ದು ಮಾಡಿ ಹೇಳ್ತೈತೆ.

ಆಕ್ಸಲ್ ಬಾಕ್ಸ್ (ಆಕ್ಸಲ್ ತುದಿಯ ಬೇರಿಂಗ್ ಇರೋ ಡಬ್ಬಿ) ಕಾದೈತಾ ಅಂತ ಕೈಯಿಂದ ಮುಟ್ಟಿ ನೋಡೋದು ನಮ್ಮ ಮೇ ತಿಂಗಳ ಬಿಸಿಲಾಗೆ ಉಪಯೋಗ ಇಲ್ಲ, ಎಲ್ಲಾನೂ ಸುಡ್ತಿರ್ತಾವೆ, ಟೆಂಪರೇಚರ್ ಗನ್ ಹಿಡಿದು ಪಕ್ಕದ ಆಕ್ಸಲ್ ಬಾಕ್ಸ್ ಜೊತೆ ಹೋಲಿಸ್ಬೇಕು.

ಗಾಲಿ ಮಾದರಿ ಬಗ್ಗೆ ನಾನು ಹಳೇ ಕಾಲದವನೇ. 1998ರಲ್ಲಿ ಜರ್ಮನಿಯ ಎಶೆಡೆ ಹತ್ರ ರಬ್ಬರ್ ಮೇಲೆ ಉಕ್ಕಿನ ಟೈರ್ ಹಾಕಿದ್ದ ಗಾಲಿಯ ಟೈರ್ ಸೀಳಿ, ರೈಲು ಹಳಿ ತಪ್ಪಿ 101 ಜನ ಸತ್ರು, ಸದ್ದು ಕಮ್ಮಿ ಆಗ್ಲಿ ಅಂತ ಹಾಕಿದ್ದು ಅದು. ನಮ್ಮ ಯಲಹಂಕದ ರೈಲ್ವೆ ಗಾಲಿ ಕಾರ್ಖಾನೆಯಾಗೆ ಎರಕ ಹೊಯ್ಯೋ ಗಾಲಿ ಒಂದೇ ತುಂಡು, ಬೇರೆ ಟೈರ್ ಇಲ್ಲ. ಅದು ಸದ್ದು ಮಾಡ್ತೈತೆ, ಮಾಡ್ಲಿ ಬಿಡ್ರಿ.